ಕುದಿಯುವ ಕೆಂಪು ಸಾರಿನ ಮುಂದೆ: ಚೊಂಗ್‌ಚಿಂಗ್ ಹಾಟ್‌ಪಾಟ್ ರಸಿಕರಿಗೊಂದು ಕೈಪಿಡಿ

ಹಾಟ್‌ಪಾಟ್ ಅಂಗಡಿಯ ಅಡುಗೆಮನೆ ಅರ್ಧ ಅಡುಗೆಯನ್ನಷ್ಟೇ ಮಾಡಿ ಕೊಡುತ್ತದೆ. ಮಸಾಲೆ ಹುರಿಯುವುದು, ಮಾಂಸ ಹೆಚ್ಚುವುದು, ಸೊಪ್ಪು ತೊಳೆಯುವುದು ಅವರ ಕೆಲಸ. ಯಾವುದನ್ನು ಮೊದಲು ಮುಳುಗಿಸಬೇಕು, ಎಷ್ಟು ಹೊತ್ತು ಹಿಡಿಯಬೇಕು, ಯಾವ ಗಳಿಗೆಯಲ್ಲಿ ಎತ್ತಬೇಕು ಎಂಬುದೆಲ್ಲ ಮೇಜಿನ ಸುತ್ತ ಕುಳಿತವರ ಕೈಗೆ ಸೇರಿದ್ದು. ಹೀಗಾಗಿ ಒಂದೇ ಅಂಗಡಿಯಲ್ಲಿ, ಅಷ್ಟೇ ದುಡ್ಡು ಕೊಟ್ಟು, ಒಬ್ಬರು ಬಾಯಿ ಸುಟ್ಟುಕೊಂಡು ಬೇಸರದಿಂದ ಎದ್ದುಬರುತ್ತಾರೆ. ಪಕ್ಕದ ಮೇಜಿನವರು ಮೂರು ಗಂಟೆ ಕೂತು, ಬೆವರೊರೆಸಿಕೊಂಡು, ಇನ್ನೊಂದು ತಟ್ಟೆ ಹೇಳುತ್ತಾರೆ. ಇಬ್ಬರಿಗೂ ಸಿಕ್ಕಿದ ಸಾರು ಒಂದೇ, ಹೊತ್ತಿನ ಅರಿವು ಮಾತ್ರ ಬೇರೆ. ಆ ಅರಿವನ್ನು ಯಾರು ಬೇಕಾದರೂ ಕಲಿಯಬಹುದು. ಕಲಿಯಲು ತಕ್ಕ ಜಾಗ ಗಲ್ಲಿಯ ಅಗ್ಗದ ಅಂಗಡಿ.

ಚೀನಾದಲ್ಲಿ ಹಾಟ್‌ಪಾಟ್ ಒಂದೇ ಬಗೆಯದಲ್ಲ. ಬೀಜಿಂಗ್‌ನಲ್ಲಿ ಇದ್ದಿಲ ಕೆಂಡದ ತಾಮ್ರದ ಪಾತ್ರೆ, ತಿಳಿ ನೀರು, ಕುರಿಮಾಂಸ. ಗುವಾಂಗ್‌ಡಾಂಗ್‌ನಲ್ಲಿ ತೆಳು ಸಾರು, ದನದ ಮಾಂಸ, ಮೀನು. ಈ ಕೈಪಿಡಿ ಚೊಂಗ್‌ಚಿಂಗ್‌ನ ಕೆಂಪು ಹಾಟ್‌ಪಾಟ್‌ಗೆ ಮೀಸಲು. ಅಗ್ಗದಲ್ಲೇ ಹುಟ್ಟಿ, ಅಗ್ಗದಲ್ಲೇ ಬೆಳೆದು, ಇಂದಿಗೂ ಅಗ್ಗದ ಅಂಗಡಿಯಲ್ಲೇ ತನ್ನ ನಿಜವಾದ ರುಚಿ ಉಳಿಸಿಕೊಂಡಿರುವುದು ಅದು.

ಹೊಳೆದಂಡೆಯ ಹುಟ್ಟು

ಯಾಂಗ್ಟ್ಸೆ ಮತ್ತು ಜಿಯಾಲಿಂಗ್ ನದಿಗಳು ಸೇರುವ ಚಾವೊಟಿಯಾನ್‌ಮೆನ್ ದಕ್ಕೆ ಚೊಂಗ್‌ಚಿಂಗ್ ನಗರದ ಹೆಬ್ಬಾಗಿಲು. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುವವರು, ಹೊರೆ ಹೊರುವವರು ಅಲ್ಲಿ ದಿನವಿಡೀ ದುಡಿಯುತ್ತಿದ್ದರು. ಒಳ್ಳೆಯ ಮಾಂಸ ಉಳ್ಳವರ ಮನೆಗೆ ಹೋಗುತ್ತಿತ್ತು. ಕರುಳು, ಹೊಟ್ಟೆ, ರಕ್ತದಂಥವು ಕವಡೆ ಕಾಸಿಗೆ ಸಿಗುತ್ತಿದ್ದವು. ಅವುಗಳ ವಾಸನೆ ಮುಚ್ಚಲು ಮೆಣಸಿನಕಾಯಿ, ಚಳಿ ತೇವ ತಡೆಯಲು ಕೊಬ್ಬು, ಹೊಟ್ಟೆ ತುಂಬಲು ಕುದಿಯುವ ಸಾರು. ನೆರೆಯ ಸಿಚುವಾನಿನ ಕಾದಂಬರಿಕಾರ ಲಿ ಜೀರೆನ್ 1940ರ ದಶಕದಲ್ಲಿ ಬರೆಯುತ್ತ, ಈ ಊಟ ಹುಟ್ಟಿದ್ದು ನಗರದ ಎದುರುದಡದ ಜಿಯಾಂಗ್‌ಬೇಯಲ್ಲಿ, ಬಡ ದುಡಿಮೆಗಾರರ ನಡುವೆ ಎಂದು ಗುರುತಿಸಿದ್ದಾನೆ.

ಈ ಹುಟ್ಟನ್ನು ನೆನಪಿಡಬೇಕಾದದ್ದು ಬರೀ ಇತಿಹಾಸಕ್ಕಾಗಿ ಅಲ್ಲ. ಅಂದಿನ ಬಡವರ ಬೋಟಿಯೇ ಇಂದಿಗೂ ಮೇಜಿನ ಮುಖ್ಯ ತಿನಿಸು. ದುಬಾರಿ ಮಾಂಸ, ಸೀಗಡಿ, ಏಡಿ ಇವೆಲ್ಲ ಆಮೇಲೆ ಬಂದು ಸೇರಿಕೊಂಡವು. ಅವುಗಳ ನವಿರು ರುಚಿ ಈ ಸಾರಿನ ಅಬ್ಬರದಲ್ಲಿ ಕಳೆದುಹೋಗುತ್ತದೆ. ಬೋಟಿಗೆ ತನ್ನದೇ ರುಚಿ ಕಡಿಮೆ, ಹಲ್ಲಿಗೆ ಸಿಗುವ ಕುರುಕು ಹೆಚ್ಚು. ಅದಕ್ಕೆ ಬೇಕಾದ ರುಚಿಯನ್ನು ಸಾರು ಕೊಡುತ್ತದೆ. ಇಲ್ಲಿ ಕಡಿಮೆ ಖರ್ಚಿನ ಊಟವೇ ಸರಿಯಾದ ಊಟ.

ಸಾರಿನೊಳಗೇನಿದೆ

ಸಾರಿನ ತಳಹದಿ ದನದ ಕೊಬ್ಬು. ಅದನ್ನು ಕರಗಿಸಿ, ಅದರಲ್ಲಿ ಶುಂಠಿ, ಬೆಳ್ಳುಳ್ಳಿ, ನೆನೆಸಿ ಕುಟ್ಟಿದ ಒಣಮೆಣಸಿನಕಾಯಿ, ಸಿಚುವಾನಿನ ಚೆಂಗ್ಡು ನಗರದ ಬಳಿಯ ಪಿಶಿಯಾನ್‌ನ ಹುದುಗು ಬರಿಸಿದ ಅವರೆ ಜಾತಿಯ ಕಾಳಿನ ಖಾರದ ಮುದ್ದೆ, ಕಪ್ಪು ಸೋಯಾ ಕಾಳು, ಕಲ್ಲುಸಕ್ಕರೆ, ಹುದುಗಿದ ಅಂಟಕ್ಕಿ, ಚಕ್ಕೆ, ಲವಂಗ, ನಕ್ಷತ್ರಮೊಗ್ಗು ಎಲ್ಲವನ್ನೂ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಹುರಿಯುತ್ತಾರೆ. ಆರಿದ ಮೇಲೆ ಅದು ಕೆಂಪು ಗಟ್ಟಿಯಾಗುತ್ತದೆ. ನಿಮ್ಮ ಮೇಜಿಗೆ ಬರುವುದು ಆ ಗಟ್ಟಿ, ಅದರ ಮೇಲೊಂದಿಷ್ಟು ಮೆಣಸಿನಕಾಯಿ, ಅದರ ಸುತ್ತ ಎಲುಬಿನ ಸಾರು.

ಮೆಣಸಿನಕಾಯಿ ಚೀನಾಕ್ಕೂ ಹೊರಗಿನಿಂದ ಬಂದದ್ದು. ಅಲ್ಲಿನ ಬರಹದಲ್ಲಿ ಅದು ಮೊದಲು ಕಾಣಿಸುವುದು 1591ರ ಗಾವೊ ಲಿಯಾನ್‌ನ ಪುಸ್ತಕದಲ್ಲಿ, ಅದೂ ನೋಡಲು ಚೆಂದದ ಗಿಡವಾಗಿ. ಸಿಚುವಾನಿನ ಅಡುಗೆಯಲ್ಲಿ ಅದು ನೆಲೆಯೂರಿದ್ದು ಬಹಳ ತಡವಾಗಿ. ಈಗ ಒಂದೇ ಸಾರಿಗೆ ಎರಡು ಮೂರು ಬಗೆಯ ಮೆಣಸಿನಕಾಯಿ ಬೀಳುತ್ತದೆ. ನಮ್ಮಲ್ಲಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸುವ ಹಾಗೆ, ಅಲ್ಲಿ ಬಣ್ಣ ಮತ್ತು ಘಮಕ್ಕೆ ಉದ್ದನೆಯ ಅರ್‌ಜಿಂಗ್‌ಟಿಯಾವೊ, ಖಾರಕ್ಕೆ ಗಿಡ್ಡನೆಯ ಬೇರೆ ಜಾತಿ. ಆಂಧ್ರ, ತೆಲಂಗಾಣದ ತೇಜ ಮೆಣಸಿನಕಾಯಿಗೆ ಚೀನಾ ದೊಡ್ಡ ಗಿರಾಕಿ. ಅಲ್ಲಿನ ಹಾಟ್‌ಪಾಟ್ ಮಸಾಲೆ ತಯಾರಿಸುವವರು ಅದನ್ನೂ ಬಳಸುತ್ತಾರೆ.

ಇನ್ನೊಂದು ಮುಖ್ಯ ಪದಾರ್ಥ ಹುವಾಜಿಯಾವೊ, ಅಂದರೆ ಸಿಚುವಾನ್ ಮೆಣಸು. ಇದು ನಮ್ಮ ಕಾಳುಮೆಣಸಿನ ಜಾತಿಯದಲ್ಲ, ಮಲೆನಾಡು ಕರಾವಳಿಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯ ಕುಲದ್ದು. ಕೊಂಕಣಿಗರ ತೆಪ್ಪಲ್ ತಿಂದು ಬಲ್ಲವರಿಗೆ ಇದರ ಪರಿಚಯ ಅರ್ಧ ಆದಂತೆಯೇ. ನಾಲಿಗೆ ಮೇಲೆ ಬಿದ್ದ ಕೂಡಲೇ ತುಟಿಯೆಲ್ಲ ಜುಮ್ಮೆನ್ನುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2013ರಲ್ಲಿ ಈ ಜುಮ್ಮನ್ನು ಅಳೆದು, ತುಟಿಗೆ ಸೆಕೆಂಡಿಗೆ ಸುಮಾರು 50 ಬಾರಿಯ ಕಂಪನದ ಅನುಭವವಾಗುತ್ತದೆ ಎಂದು ಕಂಡುಕೊಂಡರು. ಹೊಸಬರು ಈ ಜುಮ್ಮನ್ನು ಕಂಡು ಹೆದರುತ್ತಾರೆ. ಹೆದರಬೇಕಿಲ್ಲ. ಅದು ಬಾಯನ್ನು ಸ್ವಲ್ಪ ಮರಗಟ್ಟಿಸುವುದರಿಂದಲೇ ಖಾರದ ಉರಿ ತಾಳಿಕೊಳ್ಳಲು ಆಗುತ್ತದೆ. ಒಂದು ಉರಿಸುತ್ತದೆ, ಇನ್ನೊಂದು ಸಂತೈಸುತ್ತದೆ. ಈ ಎರಡರ ತೂಕ ಸರಿಯಾಗಿರುವುದೇ ಒಳ್ಳೆಯ ಸಾರಿನ ಮೊದಲ ಲಕ್ಷಣ.

ಅಂಗಡಿ ಆರಿಸುವುದು

ಅಂಗಡಿ ಹುಡುಕುವಾಗ ದೀಪಾಲಂಕಾರ ನೋಡಬೇಡಿ, ಜನ ನೋಡಿ. ಊರಿನವರ ಮಾತು ಕೇಳಿಸುತ್ತಿದೆಯೇ, ಅಜ್ಜ ಅಜ್ಜಿ ಮೊಮ್ಮಕ್ಕಳು ಒಂದೇ ಮೇಜಿನಲ್ಲಿ ಕೂತಿದ್ದಾರೆಯೇ, ಮೇಜುಗಳು ಬೇಗ ಬೇಗ ತುಂಬಿ ಖಾಲಿಯಾಗುತ್ತಿವೆಯೇ? ಗಿರಾಕಿ ಹೆಚ್ಚಿದ್ದಲ್ಲಿ ಬೋಟಿ, ಕರುಳು ತಾಜಾ ಇರುತ್ತವೆ. ಹಾಟ್‌ಪಾಟ್‌ನಲ್ಲಿ ತಾಜಾತನಕ್ಕಿಂತ ದೊಡ್ಡ ಐಷಾರಾಮ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಬಾಂಬ್ ದಾಳಿಯಿಂದ ಪಾರಾಗಲು ಚೊಂಗ್‌ಚಿಂಗ್‌ನ ಬೆಟ್ಟಗಳಲ್ಲಿ ಸುರಂಗಗಳನ್ನು ಕೊರೆದಿದ್ದರು. ಅವುಗಳಲ್ಲಿ ಕೆಲವು ಈಗ ಹಾಟ್‌ಪಾಟ್ ಅಂಗಡಿಗಳಾಗಿವೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಬಿಸಿಲಿದ್ದಾಗ ಒಳಗೆ ತಂಪಾಗಿರುತ್ತದೆ. ಆ ಬೇಸಿಗೆಯಲ್ಲೂ ಜನ ಕೆಂಪು ಸಾರಿನ ಮುಂದೆ ಕೂರುವುದನ್ನು ಬಿಡುವುದಿಲ್ಲ.

ಒಂದು ಎಚ್ಚರ ಬೇಕು. ಹಿಂದೆ ಒಂದು ಮೇಜಿನ ಕೊಬ್ಬನ್ನು ಸೋಸಿ ಮತ್ತೊಂದು ಮೇಜಿಗೆ ಬಳಸುವ ರೂಢಿಯಿತ್ತು. ಹಳೆಯ ಕೊಬ್ಬಿಗೇ ರುಚಿ ಹೆಚ್ಚು ಎನ್ನುವವರೂ ಇದ್ದರು. ಈಗ ಚೀನಾದ ಕಾನೂನು ಅದನ್ನು ನಿಷೇಧಿಸಿದೆ, ಮಾಡಿದವರಿಗೆ ಜೈಲು ಶಿಕ್ಷೆಯೂ ಇದೆ. ಗಟ್ಟಿಯಾದ ಹೊಸ ಕೊಬ್ಬಿನ ತುಂಡನ್ನು ನಿಮ್ಮ ಕಣ್ಣೆದುರೇ ಪಾತ್ರೆಗಿಟ್ಟು ಕರಗಿಸುವ ಅಂಗಡಿಯನ್ನೇ ಆರಿಸಿ.

ದುಡ್ಡು ಎಲ್ಲಿ ಹೋಗುತ್ತದೆ

ಸಾಮಾನ್ಯ ಗಲ್ಲಿ ಅಂಗಡಿಯಲ್ಲಿ ಹೊಟ್ಟೆ ತುಂಬ ಉಂಡರೆ ತಲೆಗೆ 50ರಿಂದ 100 ಯುವಾನ್ ಆಗಬಹುದು. ಬಿಲ್ಲಿನಲ್ಲಿ ಸಾರಿಗೆ ಬೇರೆ ಬೆಲೆ, ತುತ್ತು ಅದ್ದಿ ತಿನ್ನಲು ತಲೆಗೊಂದು ಎಣ್ಣೆ ಬಟ್ಟಲಿಗೆ ಬೇರೆ, ಪ್ರತಿ ತಟ್ಟೆಗೂ ಬೇರೆ. ಸಾರಿನ ಬೆಲೆ ಇಬ್ಬರಿದ್ದರೂ ಆರು ಮಂದಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಜನ ಹೆಚ್ಚಾದಷ್ಟೂ ಪಾಲು ಕಡಿಮೆ, ತಿನಿಸಿನ ಬಗೆ ಹೆಚ್ಚು. ನಾಲ್ವರು ಸೇರಿದರೆ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಉಳಿತಾಯಕ್ಕೆ ಮೂರು ದಾರಿ ಇವೆ. ಒಂದು, ‘ಬಾನ್ ಫನ್’ ಎಂದು ಅರ್ಧ ತಟ್ಟೆ ಕೇಳುವುದು. ಬಹಳ ಅಂಗಡಿಗಳಲ್ಲಿ ಕೊಡುತ್ತಾರೆ. ಎರಡು, ಮೊದಲಿಗೇ ಎಲ್ಲ ಹೇಳಿಬಿಡದೆ, ತಲೆಗೊಂದರಂತೆ ತಟ್ಟೆ ತರಿಸಿ, ಬೇಕಾದರೆ ಆಮೇಲೆ ಸೇರಿಸುವುದು. ಹಸಿದ ಕಣ್ಣು ಹೊಟ್ಟೆಗಿಂತ ದೊಡ್ಡದು. ಮೂರು, ಫೋನಿನ ಆ್ಯಪ್‌ಗಳಲ್ಲಿ ಸಿಗುವ ಗುಂಪು ಕೂಪನ್. ಇಬ್ಬರಿಗೆ, ನಾಲ್ವರಿಗೆ ಎಂದು ಸಾರು, ತಟ್ಟೆ ಎಲ್ಲ ಸೇರಿಸಿ ಕಡಿಮೆ ದರಕ್ಕೆ ಮಾರುತ್ತಾರೆ. ಸ್ಥಳೀಯ ಗೆಳೆಯರಿದ್ದರೆ ಅವರ ಫೋನಿನಲ್ಲಿ ಕೊಳ್ಳಿಸಿ.

ನಾಲ್ವರ ಇಡೀ ಊಟಕ್ಕೆ ನಾನು ಹೇಳುವ ಪಟ್ಟಿ ಇದು: ಬೋಟಿ ಒಂದು, ಬಾತುಕೋಳಿ ಕರುಳು ಒಂದು, ಪಿಷ್ಟ ಸವರಿದ ಮಾಂಸದ ಹೋಳು ಒಂದು, ಬಾತುಕೋಳಿ ರಕ್ತದ ಗಟ್ಟಿ ಅರ್ಧ, ಆಲೂಗಡ್ಡೆ, ತಾವರೆ ದಂಟು, ತೋಫು ಹಾಳೆ, ಮೊಳಕೆಕಾಳು, ನೀರುಸೊಪ್ಪು, ಕೊನೆಗೆ ಗೆಣಸಿನ ಪಿಷ್ಟದ ಶಾವಿಗೆ. ಬಿಲ್ಲಿನ ಭಾರವನ್ನು ಮೊದಲ ಮೂರು ಹೊರುತ್ತವೆ, ಉಳಿದವು ಅಗ್ಗ.

ಖಾರದ ಮಟ್ಟ ಕೇಳಿದಾಗ ‘ವೇಯ್ ಲಾ’, ಅಂದರೆ ಸ್ವಲ್ಪ ಖಾರ, ಎನ್ನಿ. ಚೊಂಗ್‌ಚಿಂಗ್‌ನ ಸ್ವಲ್ಪವೇ ಬೇರೆ ಊರಿನವರಿಗೆ ಸಾಕಷ್ಟು. ಗುಂಪಿನಲ್ಲಿ ಯಾರಿಗಾದರೂ ಖಾರ ಆಗದಿದ್ದರೆ ‘ಯುವಾನ್‌ಯಾಂಗ್’ ಪಾತ್ರೆ ಹೇಳಿ, ಅರ್ಧ ಕೆಂಪು, ಅರ್ಧ ಬಿಳಿ ಸಾರು ಬರುತ್ತದೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಒಂಬತ್ತು ಮನೆಯ ಪಾತ್ರೆ

ಹಳೆಯ ಶೈಲಿಯ ಅಂಗಡಿಯಲ್ಲಿ ಪಾತ್ರೆಯೊಳಗೆ ಒಂಬತ್ತು ಮನೆಯ ಜಾಲರಿ ಇರುತ್ತದೆ. ದಕ್ಕೆಯ ಕಾಲದಲ್ಲಿ ಪರಿಚಯವಿಲ್ಲದವರು ಒಂದೇ ಪಾತ್ರೆ ಹಂಚಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮನೆ, ಕೊಟ್ಟ ದುಡ್ಡಿಗೆ ತಕ್ಕಷ್ಟು ತಿನಿಸು. ಈಗ ಇಡೀ ಪಾತ್ರೆ ಒಂದೇ ಗುಂಪಿನದು. ಜಾಲರಿಯ ಕೆಲಸ ಮಾತ್ರ ಮುಗಿದಿಲ್ಲ.

ಬೆಂಕಿ ಇರುವುದು ನಡುವಿನ ಕೆಳಗೆ. ಹಾಗಾಗಿ ನಡುಮನೆ ಭೋರೆಂದು ಕುದಿಯುತ್ತದೆ. ಅದರ ನಾಲ್ಕು ಪಕ್ಕದ ಮನೆಗಳಲ್ಲಿ ಮಧ್ಯಮ ಕುದಿ, ನಾಲ್ಕು ಮೂಲೆಗಳಲ್ಲಿ ಮೆಲ್ಲನೆಯ ಕುದಿ. ನಡುಮನೆ ಕ್ಷಣದಲ್ಲಿ ಬೇಯುವ ಬೋಟಿ, ಕರುಳಿಗೆ. ಪಕ್ಕದ ಮನೆಗಳು ಮಾಂಸದ ಹೋಳು, ಉಂಡೆ, ಆಲೂಗಡ್ಡೆಗೆ. ಮೂಲೆಗಳು ರಕ್ತದ ಗಟ್ಟಿ, ಮಿದುಳಿನಂಥ ಮೃದು ವಸ್ತುಗಳಿಗೆ. ಅವು ಜೋರು ಕುದಿಯಲ್ಲಿ ಒಡೆದುಹೋಗುತ್ತವೆ, ಮೂಲೆಯಲ್ಲಿ ನಿಧಾನವಾಗಿ ಸಾರು ಹೀರುತ್ತವೆ. ಇದನ್ನು ಅರಿತ ಮೇಲೆ ಪಾತ್ರೆ ನೋಡುವ ನಿಮ್ಮ ಕಣ್ಣೇ ಬದಲಾಗುತ್ತದೆ. ಒಂದೇ ಒಲೆಯ ಮೇಲೆ ಮೂರು ಉರಿ ನಿಮ್ಮ ವಶದಲ್ಲಿದೆ.

ಹೊತ್ತು ಎಣಿಸುವುದು

ಬೋಟಿಯಿಂದ ಶುರುಮಾಡಿ. ಇಲ್ಲಿ ಅದನ್ನು ಮಾವೊದು ಎನ್ನುತ್ತಾರೆ. ದನದ ಹೊಟ್ಟೆಯ ಮೂರನೆಯ ಕೋಣೆ, ಎಲೆಯಂತೆ ತೆಳುವಾಗಿ, ಮೈತುಂಬ ಸಣ್ಣ ಮುಳ್ಳುಗಳಿರುತ್ತವೆ. ಚಾಪ್‌ಸ್ಟಿಕ್‌ನಿಂದ ಗಟ್ಟಿಯಾಗಿ ಹಿಡಿದು ನಡುಮನೆಯಲ್ಲಿ ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸಿ. ಏಳು ಸಲ ಮೇಲೆ, ಎಂಟು ಸಲ ಕೆಳಗೆ ಎಂಬುದು ಅಲ್ಲಿನವರ ಲೆಕ್ಕ, ಒಟ್ಟು ಸುಮಾರು 15 ಸೆಕೆಂಡು. ಕೈ ಬಿಡಬೇಡಿ. ಬಿಟ್ಟರೆ ಅದು ತಳ ಸೇರುತ್ತದೆ, ಹುಡುಕುವಷ್ಟರಲ್ಲಿ ಅಗಿಯಲಾಗದಷ್ಟು ಗಟ್ಟಿಯಾಗಿರುತ್ತದೆ. ಎತ್ತುವುದೂ ಮುಳುಗಿಸುವುದೂ ಸುಮ್ಮನೆ ಶಾಸ್ತ್ರಕ್ಕಲ್ಲ. ಎತ್ತಿದಾಗ ಬೇಯುವುದು ಕ್ಷಣ ನಿಲ್ಲುತ್ತದೆ, ಎರಡೂ ಮೈ ಸಮನಾಗಿ ಬಿಸಿಯಾಗುತ್ತವೆ, ಪ್ರತಿ ಸಲ ಮೇಲಿನ ಕೊಬ್ಬಿನ ಪದರ ದಾಟುವಾಗ ಘಮ ಅಂಟಿಕೊಳ್ಳುತ್ತದೆ. ಮುಳ್ಳುಗಳು ನೆಟ್ಟಗೆ ನಿಂತು, ಅಂಚು ಸ್ವಲ್ಪ ಸುರುಳಿಯಾದರೆ ಆಯಿತು. ಹಲ್ಲಿಗೆ ಕುರುಕ್ ಎನ್ನಬೇಕು. ಆ ಸದ್ದು ನಿಮ್ಮ ಕಿವಿಗೇ ಕೇಳಿದ ದಿನ ಹಾಟ್‌ಪಾಟ್ ನಿಮಗೆ ಒಲಿಯಿತು ಎಂದು ತಿಳಿಯಿರಿ.

ಬಾತುಕೋಳಿ ಕರುಳಿಗೆ 10 ಸೆಕೆಂಡು ಸಾಕು, ಸುರುಳಿ ಸುತ್ತಿಕೊಂಡ ಕೂಡಲೇ ಎತ್ತಿ. ತೆಳು ಹೋಳಿನ ದನದ ಅಥವಾ ಕುರಿಯ ಮಾಂಸ ಬಣ್ಣ ಬದಲಿಸಿದರೆ ಮುಗಿಯಿತು. ಪಿಷ್ಟ ಸವರಿದ ಮಾಂಸಕ್ಕೆ ಎರಡು ಮೂರು ನಿಮಿಷ. ಹಾಕಿದ ಕೂಡಲೇ ಕಲಕಬೇಡಿ, ಸವರಿದ ಪಿಷ್ಟ ಕಿತ್ತುಬರುತ್ತದೆ. ಸೀಗಡಿ ಉಂಡೆ ತೇಲಿದ ಮೇಲೂ ಒಂದೆರಡು ನಿಮಿಷ ಬಿಡಿ. ಆಲೂಗಡ್ಡೆ, ತಾವರೆ ದಂಟಿಗೆ ಐದು ನಿಮಿಷ. ಕೋಳಿ, ಹಂದಿ ಮಾಂಸವನ್ನು ಪೂರ್ತಿ ಬೇಯಿಸದೆ ಬಾಯಿಗಿಡಬೇಡಿ.

ಹಸಿ ಮಾಂಸ ಮುಟ್ಟಿದ ಚಾಪ್‌ಸ್ಟಿಕ್ ಮತ್ತು ತಿನ್ನುವ ಚಾಪ್‌ಸ್ಟಿಕ್ ಬೇರೆ ಬೇರೆ ಇರಲಿ. ಎರಡು ಜೊತೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎಣ್ಣೆ ಬಟ್ಟಲು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಬೇರೆ ಊರುಗಳ ಹಾಟ್‌ಪಾಟ್‌ನಲ್ಲಿ ಎಳ್ಳಿನ ಪೇಸ್ಟು, ಸೋಯಾ ಸಾಸು, ಹತ್ತಾರು ಬಗೆಯ ಗೊಜ್ಜು ಇರುತ್ತವೆ. ಚೊಂಗ್‌ಚಿಂಗ್‌ನಲ್ಲಿ ಬಟ್ಟಲ ತುಂಬ ಎಳ್ಳೆಣ್ಣೆ, ಅದಕ್ಕೆ ಜಜ್ಜಿದ ಬೆಳ್ಳುಳ್ಳಿ ಧಾರಾಳ, ಬೇಕಾದರೆ ಕೊತ್ತಂಬರಿ, ಚಿಟಿಕೆ ಉಪ್ಪು, ಸ್ವಲ್ಪ ವಿನಿಗರ್, ಅಷ್ಟೇ. ಮೊದಲೇ ಕೊಬ್ಬಿನ ಸಾರಿಗೆ ಮತ್ತೆ ಎಣ್ಣೆಯೇ ಎಂದು ಕೇಳಬಹುದು. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬಟ್ಟಲಿನ ಎಣ್ಣೆ ತುತ್ತಿನ ಮೇಲಿನ ಖಾರವನ್ನು ಒಂದಿಷ್ಟು ತೊಳೆಯುತ್ತದೆ, ಬಿಸಿಯನ್ನೂ ಇಳಿಸುತ್ತದೆ. ಇದೇ ಕಾರಣಕ್ಕೆ ಖಾರ ಹೆಚ್ಚಾದಾಗ ನೀರು ಕುಡಿಯುವುದು ವ್ಯರ್ಥ. ಸೋಯಾ ಹಾಲು, ಕಡಲೆಕಾಯಿಯ ಹಾಲಿನಂಥ ಪಾನೀಯ ಕುಡಿಯಿರಿ.

ತುತ್ತು ತಣಿಯಲು ಕಾಯುವುದು ಆರೋಗ್ಯಕ್ಕೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರ್ ತರುವ ಸಂಭವ ಉಳ್ಳವು ಎಂದು ಪಟ್ಟಿಮಾಡಿತು. ಕುದಿಯುವ ಸಾರಿನಿಂದ ನೇರ ಬಾಯಿಗೆ ಹೋಗುವುದು ಬೇಡ. ಕೆಂಪು ಸಾರನ್ನು ಕುಡಿಯುವುದೂ ಬೇಡ. ಅದು ಬೇಯಿಸಲು ಇರುವುದು.

ಹಾಕುವ ಕ್ರಮ

ಮೊದಲು ಮಾಂಸ, ಆಮೇಲೆ ತರಕಾರಿ, ಕೊನೆಗೆ ಪಿಷ್ಟ. ಮಾಂಸ ಬೆಂದಷ್ಟೂ ಸಾರಿಗೆ ರುಚಿ ಕೂಡುತ್ತದೆ. ಆ ರುಚಿಯನ್ನು ಆಮೇಲೆ ಬಂದ ಆಲೂಗಡ್ಡೆ, ತೋಫು ಹೀರಿಕೊಳ್ಳುತ್ತವೆ. ಪಿಷ್ಟದ ಶಾವಿಗೆಯನ್ನು ಮೊದಲೇ ಹಾಕಿದರೆ ಸಾರು ಮಬ್ಬಾಗಿ ತಳ ಹಿಡಿಯುತ್ತದೆ. ಬೇಯಲು ಹೊತ್ತು ಹಿಡಿಯುವ ರಕ್ತದ ಗಟ್ಟಿಯನ್ನು ಮಾತ್ರ ಮೊದಲೇ ಮೂಲೆಗೆ ಇಳಿಸಿಡಿ.

ಸೊಪ್ಪಿನ ಬಗ್ಗೆ ವಿಶೇಷ ಎಚ್ಚರ. ಸೊಪ್ಪು ಸೌಮ್ಯ ಎಂದುಕೊಂಡು ಹೊಸಬರು ಅದನ್ನೇ ಮೊದಲು ಕೆಂಪಿಗೆ ಹಾಕುತ್ತಾರೆ. ಎಲೆಯ ಮಡಿಕೆಗಳಲ್ಲಿ ಕೊಬ್ಬೂ ಖಾರವೂ ಸಿಕ್ಕಿಕೊಂಡು, ಇಡೀ ಮೇಜಿನಲ್ಲಿ ಅತಿ ಖಾರದ ತುತ್ತು ಅದೇ ಆಗುತ್ತದೆ. ತೋಫುವೂ ಹಾಗೆಯೇ, ಕಚ್ಚಿದ ಕೂಡಲೇ ಒಳಗಿನ ಕುದಿಸಾರು ಚಿಮ್ಮುತ್ತದೆ. ಬಿಳಿ ಸಾರು ಇದ್ದರೆ ಸೊಪ್ಪನ್ನು ಅದರಲ್ಲಿ ಬೇಯಿಸಿ.

ಕುದಿಯುತ್ತ ಹೋದಂತೆ ಸಾರು ಇಂಗಿ ಉಪ್ಪಾಗುತ್ತದೆ. ‘ಜಿಯಾ ತಾಂಗ್’ ಎಂದರೆ ತಿಳಿಸಾರು ಸುರಿಯುತ್ತಾರೆ, ಅದಕ್ಕೆ ದುಡ್ಡಿಲ್ಲ. ಸುರಿದ ಮೇಲೆ ಮತ್ತೆ ಕುದಿ ಬರುವ ತನಕ ಏನನ್ನೂ ಹಾಕಬೇಡಿ. ಆ ಬಿಡುವು ಮಾತಿಗೆ. ಎಲ್ಲ ಮುಗಿದ ಮೇಲೆ ಬೆಲ್ಲದ ಪಾಕ ಸುರಿದ ತಣ್ಣನೆಯ ಬಿಂಗ್‌ಫನ್ ಒಂದು ಬಟ್ಟಲು. ಕಾಡು ಗಿಡವೊಂದರ ಬೀಜ ಹಿಂಡಿ ಮಾಡುವ ಈ ಲೋಳೆ ಹೊಟ್ಟೆಯನ್ನು ತಣಿಸುತ್ತದೆ, ಬೆಲೆಯೂ ಕಡಿಮೆ.

ದನದ ಕೊಬ್ಬು ಬೇಡದವರಿಗೆ, ಒಬ್ಬರೇ ಬಂದವರಿಗೆ

ತಟ್ಟೆಯಲ್ಲಿ ತರಕಾರಿ ಮಾತ್ರ ಹೇಳಿದರೂ ಕೆಂಪು ಸಾರು ದನದ ಕೊಬ್ಬಿನದೇ ಎಂಬುದನ್ನು ಮರೆಯಬಾರದು. ಅದು ಬೇಡದವರು ‘ಚಿಂಗ್‌ಯೊ’ ಸಾರು ಕೇಳಬೇಕು, ಅದು ಸಾಸಿವೆ ಜಾತಿಯ ಎಣ್ಣೆಯದು, ಚೆಂಗ್ಡುವಿನಲ್ಲಿ ಹೆಚ್ಚು ಬಳಕೆ. ಪೂರ್ತಿ ಸಸ್ಯಾಹಾರಿಗಳಿಗೆ ಅದೂ ಸಾಲದು, ಅಣಬೆ ಸಾರಿನಲ್ಲೂ ಎಲುಬಿನ ಸಾರು ಸೇರಿರುವುದುಂಟು. ‘ಕೊಬ್ಬು, ಎಲುಬು, ಮಾಂಸ ಯಾವುದೂ ಬೇಡ, ಬರೀ ನೀರಿನಲ್ಲಿ ಮಾಡಿ’ ಎಂಬ ಮಾತನ್ನು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಬೌದ್ಧ ಸಸ್ಯಾಹಾರಿ ಹೋಟೆಲುಗಳು ಹತ್ತಿರವಿದ್ದರೆ ಅಲ್ಲಿಗೆ ಹೋಗುವುದೇ ನಿಶ್ಚಿಂತೆ. ನಮ್ಮ ಸುವರ್ಣಗಡ್ಡೆಯ ಕುಲದ ಕೊಂಜಾಕ್ ಗಡ್ಡೆಯ ತುಂಡು, ತಾವರೆ ದಂಟು, ಬಿದಿರು ಕಳಲೆ, ಬೂದುಗುಂಬಳ, ಬಗೆಬಗೆಯ ತೋಫು ಇವುಗಳಿಂದಲೇ ತುಂಬಿದ ಮೇಜು ಸಿದ್ಧವಾಗುತ್ತದೆ.

ಒಬ್ಬರೇ ಇದ್ದರೆ ಚೆಂಗ್ಡುವಿನ ರೂಢಿ ಹಿಡಿಯಿರಿ. ಅಲ್ಲಿ ‘ಚುವಾನ್‌ಚುವಾನ್’ ಅಂಗಡಿಯಲ್ಲಿ ಬಿದಿರು ಕಡ್ಡಿಗೆ ಚುಚ್ಚಿದ ತುಣುಕುಗಳನ್ನು ನೀವೇ ಆರಿಸಿ ಸಾರಿನಲ್ಲಿ ಅದ್ದುತ್ತೀರಿ, ಕೊನೆಗೆ ಖಾಲಿ ಕಡ್ಡಿ ಎಣಿಸಿ ದುಡ್ಡು ಕೊಡುತ್ತೀರಿ. ‘ಮಾವೊಸಾಯ್’ ಅಂಗಡಿಯಲ್ಲಿ ನೀವು ಆರಿಸಿದ್ದನ್ನು ಅಡುಗೆಯವನೇ ಬೇಯಿಸಿ, ಖಾರದ ಸಾರಿನೊಡನೆ ಒಂದು ಬಟ್ಟಲಲ್ಲಿ ಅನ್ನದ ಜೊತೆ ಕೊಡುತ್ತಾನೆ. ಎರಡೂ ಅಗ್ಗ, ಎರಡೂ ರುಚಿ.

ಒಳ್ಳೆಯದನ್ನು ಗುರುತಿಸುವುದು

ನಾಲ್ಕಾರು ಅಂಗಡಿ ಸುತ್ತಿದ ಮೇಲೆ ನಿಮಗೇ ವ್ಯತ್ಯಾಸ ತಿಳಿಯುತ್ತದೆ. ಸಾರು ಕುದಿ ಬಂದಾಗ ಮಸಾಲೆಯ ಘಮ ಬರಬೇಕು, ಸೀದ ವಾಸನೆ ಬರಬಾರದು. ಕೆಂಪು ಹೊಳೆಯಬೇಕು, ಕಪ್ಪಾಗಿರಬಾರದು. ಖಾರ ನಾಲಿಗೆಯಲ್ಲಿ ಏರಿ ಇಳಿಯಬೇಕು, ಗಂಟಲಲ್ಲಿ ಕೆರೆಯುತ್ತ ನಿಲ್ಲಬಾರದು. ಜುಮ್ಮು ಖಾರದ ಹಿಂದೆ ಬರಬೇಕು, ಮುಂದೆ ನುಗ್ಗಬಾರದು. ಉಂಡು ಎದ್ದ ಮೇಲೆ ಬಾಯಲ್ಲಿ ಸಣ್ಣ ಸಿಹಿ ಉಳಿಯಬೇಕು. ಮರುದಿನ ಹೊಟ್ಟೆ ತಕರಾರು ಮಾಡಬಾರದು. ಈ ಆರೂ ಕೂಡಿಬಂದ ಗಲ್ಲಿ ಅಂಗಡಿ ಸಿಕ್ಕರೆ, ದೊಡ್ಡ ಬೋರ್ಡಿನ ಅಂಗಡಿಗಳ ಕಡೆ ತಿರುಗಿ ನೋಡಬೇಕಿಲ್ಲ.

ಹೋಗುವಾಗ ಹಳೆಯ ಬಟ್ಟೆ ಹಾಕಿಕೊಳ್ಳಿ. ಅಂಗಡಿಯವರು ಏಪ್ರನ್ ಕೊಡುತ್ತಾರೆ, ಆದರೂ ಕೊಬ್ಬಿನ ಘಮ ಬಟ್ಟೆ ಬಿಟ್ಟು ಹೋಗಲು ಒಂದು ದಿನ ಬೇಕು. ಗದ್ದಲಕ್ಕೆ ಗಾಬರಿಯಾಗಬೇಡಿ. ಅಲ್ಲಿ ಜೋರು ಮಾತು, ನಗು, ಬಿಯರ್ ಹಿಡಿದು ಬೆರಳು ತೋರಿಸಿ ಎಣಿಸುವ ಪಂದ್ಯ ಎಲ್ಲ ಊಟದ ಭಾಗ. ಮೊದಲ ಸಲ ಬೋಟಿ ಗಟ್ಟಿಯಾದರೆ ಪಕ್ಕದ ಮೇಜಿನ ಹಿರಿಯರ ಕೈ ನೋಡಿ, ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ. ಈ ಊಟ ಕಟ್ಟಿದವರು ದಕ್ಕೆಯ ಕೂಲಿಗಳು, ಉಳಿಸಿಕೊಂಡವರು ಗಲ್ಲಿಯ ಅಂಗಡಿಯವರು. ಚೊಂಗ್‌ಚಿಂಗ್‌ಗೆ ಹೋದರೆ ಮೊದಲ ಹಾಟ್‌ಪಾಟ್ ಅಂಥವರ ಅಂಗಡಿಯಲ್ಲೇ ಆಗಲಿ, ಜೊತೆಗೆ ಮೂವರಾದರೂ ಇರಲಿ.